ಕೊಲೆಗಾರ ಯಾರೆಂದು ಇಲ್ಲಿ ಬರೆಯಬೇಡಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಎಲಿಸ್ ಪೀಟರ್ಸ್ ಅವರ ಕ್ಯಾಡ್‌ಫೆಲ್ ಸರಣಿಯ ಮೊದಲ ಕಾದಂಬರಿ ‘ಎ ಮಾರ್ಬಿಡ್ ಟೇಸ್ಟ್ ಫಾರ್ ಬೋನ್ಸ್’ ಓದಿ ಮುಗಿಸಿದೆ. 1977ರಲ್ಲಿ ಬಂದ ಪುಸ್ತಕ. ಕಥೆ ನಡೆಯುವುದು 1137ರಲ್ಲಿ. ಇಂಗ್ಲೆಂಡಿನ ಶ್ರೂಸ್‌ಬರಿ ಮಠಕ್ಕೆ ಒಬ್ಬ ಸಂತಳ ಅಸ್ಥಿ ಬೇಕು. ಅಸ್ಥಿ ಬಂದರೆ ಭಕ್ತರು, ಭಕ್ತರ ಹಿಂದೆ ಕಾಣಿಕೆ! ಅಸ್ಥಿಯಿರುವ ವೇಲ್ಸಿನ ಹಳ್ಳಿಯವರು ಕೊಡಲು ಒಪ್ಪುವುದಿಲ್ಲ. ವಿರೋಧಿಸಿದ ಜಮೀನ್ದಾರ ಎದೆಗೆ ಬಾಣ ನೆಟ್ಟು ಸತ್ತು ಬಿದ್ದಿರುತ್ತಾನೆ.

ನನಗೆ ಹೆಚ್ಚು ಹಿಡಿಸಿದ್ದು ಕೊಲೆಗೂ ಮೊದಲಿನ ದೃಶ್ಯ. ಮಠದ ಹಿರಿಯ ರಾಬರ್ಟ್ ಮಾತಿನಲ್ಲಿ ಸೋತು ಜಮೀನ್ದಾರನ ಮುಂದೆ ಹಣದ ಚೀಲ ಚಾಚುತ್ತಾನೆ. ಅಲ್ಲಿಗೆ ಸಂಧಾನ ಮುರಿದುಬೀಳುತ್ತದೆ. ಈ ರಾಬರ್ಟ್ ಇತಿಹಾಸದಲ್ಲಿ ನಿಜವಾಗಿ ಇದ್ದವನು, ಆ ಸಂತಳ ಚರಿತ್ರೆಯನ್ನೂ ಬರೆದವನು. ಪತ್ತೇದಾರ ಕ್ಯಾಡ್‌ಫೆಲ್ ಮಾತ್ರ ಕಲ್ಪನೆ: ಧರ್ಮಯುದ್ಧಕ್ಕೆ ಹೋಗಿ, ಹಡಗಿನಲ್ಲಿ ದುಡಿದು, ಈಗ ಮಠದ ಹಿತ್ತಿಲಲ್ಲಿ ಔಷಧಿ ಗಿಡ ಬೆಳೆಸುವ ಸನ್ಯಾಸಿ. ಆರಂಭ ನಿಧಾನ, ಹೆಸರುಗಳು ನಾಲಿಗೆಗೆ ಒಗ್ಗುವುದಿಲ್ಲ. ಸಹಿಸಿಕೊಳ್ಳಿ.

ನಮ್ಮ ಚಿತ್ರದುರ್ಗದಲ್ಲಿ, 1779ರಲ್ಲಿ ಕೋಟೆ ಹೈದರಾಲಿಯ ಕೈಸೇರುವ ಮುನ್ನಿನ ದಿನಗಳಲ್ಲಿ, ಇಂಥದ್ದೊಂದು ಸರಣಿಯನ್ನು ಯಾರಾದರೂ ಬರೆಯಬಾರದೇ ಎಂದು ಹೊಟ್ಟೆಕಿಚ್ಚಾಯಿತು.

ನನ್ನ ಪ್ರತಿ ಓದಲು ಸಿಗುತ್ತದೆ. ಬೇಕಾದವರು ಖಾಸಗಿಯಾಗಿ ತಿಳಿಸಿ. ಸರಣಿಯಲ್ಲಿ 20 ಕಾದಂಬರಿಗಳಿವೆ, ದಯವಿಟ್ಟು ಇದರಿಂದಲೇ ಶುರುಮಾಡಿ. ಪುಟದ ಮೂಲೆ ಮಡಿಸುವವರಿಗೆ ಪುಸ್ತಕ ಕೊಡುವುದಿಲ್ಲ.