ವಿಷಯ: ಗ್ಯಾಸ್ ಪೈಪಿಗೆ ಅಗೆದ ಗುಂಡಿ ಮತ್ತು ಆರಿಹೋದ ಬೀದಿದೀಪಗಳ ಬಗ್ಗೆ ಮತ್ತೊಂದು ಮನವಿ

ಇವರಿಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಪುರಾಡಳಿತ ಕಚೇರಿ, ಚಿತ್ರದುರ್ಗ ಜಿಲ್ಲೆ

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ವಿನಂತಿಸಿಕೊಳ್ಳುವುದೇನೆಂದರೆ, ಗೌರಿ ಹಬ್ಬಕ್ಕೆ ಮುಂಚೆ ಗ್ಯಾಸ್ ಪೈಪಿನವರು ನಮ್ಮ ಹಳೇ ಪೇಟೆ ಬೀದಿ ಅಗೆದರು, ಪೈಪು ಹೂತರು, ಮಣ್ಣೆಳೆದು ಹೋದರು. ಅಗೆಯುವಾಗ ಬೀದಿದೀಪದ ಕೇಬಲ್ ತುಂಡಾಯಿತು. ಅಂದಿನಿಂದ ಒಂದು ಕಂಬವೂ ಉರಿದಿಲ್ಲ. ತುಂಡಾದ ತುದಿಗೆ ಹಾಲಿನ ಕವರು ಸುತ್ತಿ ಕಂಬಕ್ಕೆ ಕಟ್ಟಿದ್ದಾರೆ. ಇದುವರೆಗೆ ಆಗಿರುವ ರಿಪೇರಿ ಇಷ್ಟೇ.

ಬೆಂಗಳೂರಿನ ಸಿಟಿ ಮಾರುಕಟ್ಟೆ ಬಳಿ ಶಿವನಸಮುದ್ರದ ಕರೆಂಟಿನಿಂದ 1905ರಲ್ಲೇ ಬೀದಿದೀಪ ಹೊತ್ತಿದವು. ಕಲ್ಲಿದ್ದಲ ಗ್ಯಾಸಿನ ದೀಪವನ್ನು ಕಲ್ಕತ್ತಾ, ಬೊಂಬಾಯಿ ಅದಕ್ಕೂ ಮೊದಲೇ ಕಂಡಿದ್ದವು. ನಮ್ಮೂರಿಗೆ ಗ್ಯಾಸ್‌ಲೈಟ್ ಎಂದರೆ ಮದುವೆ, ಜಾತ್ರೆಗೆ ಬಾಡಿಗೆ ತರುತ್ತಿದ್ದ ಸೀಮೆಎಣ್ಣೆಯ ಪೆಟ್ರೋಮ್ಯಾಕ್ಸ್. ಅದರ ಮ್ಯಾಂಟಲ್ ಉದುರಿದರೆ ಅಂಗಡಿಯವನು ನಿಂತ ಕಾಲಲ್ಲೇ ಬೇರೆ ಕಟ್ಟಿಕೊಡುತ್ತಿದ್ದ. ತಮ್ಮ ಕಚೇರಿಯಿಂದ ಒಂದು ಕೇಬಲ್ ಜೋಡಿಸಲು ಆಗುತ್ತಿಲ್ಲ.

2018ರಲ್ಲಿ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗೆ ಒಟ್ಟಾಗಿ ಕೊಳವೆ ಗ್ಯಾಸ್ ಮಂಜೂರಾದಾಗ ಸಿಲಿಂಡರ್ ಕಾಯುವ ಕಾಟ ತಪ್ಪಿತೆಂದು ಹಿಗ್ಗಿದೆವು. ಈಗ ಗೋಡೆಗೆ ಮೀಟರ್ ಇದೆ, ಒಳಗೆ ಗ್ಯಾಸಿಲ್ಲ. ಗುಂಡಿಯಿಂದಾಗಿ ಸಿಲಿಂಡರ್ ಆಟೋವೂ ಬರುತ್ತಿಲ್ಲ. ವಯಸ್ಸಾದವರು ಮೂಲೆಯಿಂದ ಸಿಲಿಂಡರ್ ಉರುಳಿಸಿಕೊಂಡು ಬರಬೇಕು.

ತಮ್ಮಲ್ಲಿ ಕೇಳಿದರೆ ಕೇಬಲ್ ವಿದ್ಯುತ್ ಕಚೇರಿಯದು. ಅಲ್ಲಿ ಕೇಳಿದರೆ ಬೀದಿದೀಪ ತಮ್ಮದು. ಗುತ್ತಿಗೆದಾರರ ಫೋನು ಸ್ವಿಚ್ ಆಫ್. ಜನಸ್ಪಂದನದಲ್ಲಿ ಕೊಟ್ಟ ಅರ್ಜಿಗೆ "ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ" ಎಂದು ಹಿಂಬರಹ ಬಂತು. ಎಲ್ಲಿಗೆಂದು ವಿಚಾರಿಸಿದರೆ ತಮ್ಮ ಟಪಾಲು ವಿಭಾಗಕ್ಕೇ! ಆನ್‌ಲೈನ್ ದೂರನ್ನು "ಪರಿಹರಿಸಲಾಗಿದೆ" ಎಂದು ಮುಚ್ಚಿ ಒಂದು ಫೋಟೋ ಹಾಕಿದ್ದಾರೆ. ಅದು ಬೇರೆ ಬೀದಿಯ ಕಂಬ, ಅದೂ ಹಗಲಿನಲ್ಲಿ ತೆಗೆದದ್ದು. ಯಾರನ್ನು ಮಂಗ ಮಾಡುತ್ತಿದ್ದೀರಿ ಸ್ವಾಮಿ?

ಅಗೆದಾಗ ಒಡೆದ ನಲ್ಲಿಯಲ್ಲಿ ಇಂದಿಗೂ ಕೆಮ್ಮಣ್ಣು ನೀರು. ಚರಂಡಿ ಹೂಳು ತೆಗೆದವರಿಲ್ಲ. ಕತ್ತಲಾದರೆ ನಾಯಿಗಳದ್ದೇ ರಾಜ್ಯ, ಟ್ಯೂಷನ್ ಮುಗಿಸಿ ಬರುವ ಮಕ್ಕಳಿಗೆ ಎದುರಿಗೆ ಯಾರಾದರೂ ಹೋಗಬೇಕು. ಗುಡ್ಡದ ಮೇಲೆ ಗಾಳಿಯಂತ್ರಗಳು ಯಾರ್ಯಾರಿಗೋ ಕರೆಂಟು ಮಾಡುತ್ತಿವೆ. ಅವುಗಳ ಕೆಂಪು ದೀಪ ನೋಡಿಕೊಂಡು ನಾವು ಗುಂಡಿ ದಾಟುತ್ತೇವೆ. ಮನೆ ಕಂದಾಯ ತಡವಾದರೆ ಮಾತ್ರ ದಂಡ ತಪ್ಪುವುದಿಲ್ಲ.

ಇನ್ನೊಂದು ಮಾತು. ಪೈಪಿನ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ, ಸೋರಿದರೆ ಗೊತ್ತಾಗಲೆಂದು ವಾಸನೆ ಬೆರೆಸುತ್ತಾರೆ. ನಮ್ಮ ಚರಂಡಿಯ ನಾತದಲ್ಲಿ ಅದು ಮೂಗಿಗೆ ಬೀಳುವುದೇ ಅನುಮಾನ. ಆದ್ದರಿಂದ ಸೋರಿಕೆ ಪರೀಕ್ಷೆ ಮಾಡಿ, ನಮ್ಮೆದುರೇ ಮಾಡಿ, ಆಮೇಲೆ ಗ್ಯಾಸ್ ಬಿಡಿ.

ಕೇಬಲ್ ಜೋಡಿಸಿ, ಗುಂಡಿ ಮುಚ್ಚಿ ಡಾಂಬರು ಹಾಕಿಸಿ. ರಸ್ತೆ ಅಗೆತಕ್ಕೆ ಕಟ್ಟಿಸಿಕೊಂಡ ಹಣ ಎಷ್ಟು, ಎಲ್ಲಿ ಖರ್ಚಾಯಿತು ಎಂಬುದನ್ನು ಲಿಖಿತವಾಗಿ ತಿಳಿಸಿ. "ಪರಿಶೀಲಿಸಲಾಗುವುದು" ಎಂಬ ಹಿಂಬರಹ ನಮ್ಮ ಬಳಿ ಸಾಕಷ್ಟಿದೆ. ಈ ಸಲ ದಿನಾಂಕ ಮತ್ತು ಹೊಣೆ ಹೊರುವ ಅಧಿಕಾರಿಯ ಹೆಸರು ಬೇಕು.

ವಂದನೆಗಳೊಂದಿಗೆ,
ಹಳೇ ಪೇಟೆ ಬೀದಿಯ ನಿವಾಸಿಗಳು

ಲಗತ್ತು: ಹಿಂದಿನ ಅರ್ಜಿಗಳ ಪ್ರತಿಗಳು, ರಾತ್ರಿ ತೆಗೆದ ಫೋಟೋಗಳು