ಹಬ್ಬದ ದಿನ ಹೇಳದೆ ಉಳಿದದ್ದು

ಸಾಗರ

ಚಿ. ಅಪ್ಪಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಕೊಯ್ಲು ಶುರುವಾಗಿದೆ, ಆಳು ಸಿಗದೆ ನಿನ್ನಪ್ಪ ಒದ್ದಾಡುತ್ತಿದ್ದಾನೆ.

ದೀಪಾವಳಿಗೆ ಬಂದಾಗ ಜಗಲಿಯಲ್ಲಿ ನಿಂತು, ನಿನ್ನ ಮೆಡಿಕಲ್ ಕಾಲೇಜಿನ ವಾರ್ಡಿಗೆ ಬಂದಿದ್ದ ಒಬ್ಬ ಹುಡುಗನ ನಡಿಗೆ ನಡೆದು ತೋರಿಸಿದೆ. ಅವನು ಗೇ ಎಂದು ನೀವು ಹುಡುಗರೇ ತೀರ್ಮಾನಿಸಿದ್ದಿರಿ. ಎಲ್ಲರೂ ನಕ್ಕರು. ಹಬ್ಬದ ದಿನ ಬೇಡವೆಂದು ನಾನು ಸುಮ್ಮನಿದ್ದೆ.

ನಮ್ಮ ಕಾಲದ ವೈದ್ಯರು ಸಲಿಂಗಪ್ರೇಮವನ್ನು ಫೊರೆನ್ಸಿಕ್ ಪುಸ್ತಕದಲ್ಲಿ, ಅಪರಾಧಗಳ ಸಾಲಿನಲ್ಲಿ ಓದಿದವರು. ಎಂಬತ್ತರ ದಶಕದ ಕೊನೆಯಲ್ಲಿ ಒಬ್ಬ ತಾಯಿ ಊಟ ಬಿಟ್ಟ ಮಗನನ್ನು ನನ್ನ ಬಳಿ ಕರೆತಂದಿದ್ದರು. 'ಹುಡುಗಿಯರ ಮೇಲೆ ಮನಸ್ಸೇ ಹೋಗಲ್ಲ ಸಾರ್' ಅಂದ, ತಾಯಿಯ ಎದುರಿಗೇ. ನಾನು ನಿದ್ದೆ ಮಾತ್ರೆ ಬರೆದು, 'ಮದುವೆ ಮಾಡಿ, ಸರಿಹೋಗ್ತಾನೆ' ಅಂದೆ. ಮಾಡಿದರು. ಎರಡು ವರ್ಷದ ಮೇಲೆ ಅದೇ ಸ್ಟೂಲಿನ ಮೇಲೆ ಅವನ ಹೆಂಡತಿ ಕೂತಿದ್ದಳು. ತನ್ನಲ್ಲೇ ಏನೋ ದೋಷವಿದೆ, ಪರೀಕ್ಷೆ ಮಾಡಿ ಅಂತ. ಆ ಹುಡುಗಿಗೆ ಏನು ಹೇಳಲಿ? ಇಬ್ಬರ ಬಾಳನ್ನು ಒಂದು ಚೀಟಿಯಲ್ಲಿ ಹಾಳುಮಾಡಿದ್ದೆ.

ನಾನು ಆ ಚೀಟಿ ಬರೆಯುವ ಎಷ್ಟೋ ಮೊದಲು, 1973ರಲ್ಲೇ, ಅಮೆರಿಕದ ಮನೋವೈದ್ಯರು ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದ್ದರು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತೆಗೆಯಿತು. ನನಗೆ ಯಾರೂ ಹೇಳಲಿಲ್ಲ, ನಾನೂ ಹುಡುಕಲಿಲ್ಲ. ನಿನಗೆ ಆ ನೆಪವಿಲ್ಲ. 2018ರಿಂದ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವೂ ಅಲ್ಲ. 'ಬದಲಾಯಿಸುವ' ಚಿಕಿತ್ಸೆ ಕೊಡುವ ವೈದ್ಯ ವೃತ್ತಿಧರ್ಮ ಮೀರಿದಂತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ. ಅದೇ ಆಯೋಗ 2024ರ ಪಠ್ಯಕ್ರಮದಲ್ಲಿ ಲೆಸ್ಬಿಯನ್, ಅಂದರೆ ಹೆಣ್ಣು ಹೆಣ್ಣಿನ, ಸಂಬಂಧವನ್ನು ಮತ್ತೆ ಅಸಹಜ ಅಪರಾಧವೆಂದು ಸೇರಿಸಿ, ವಿರೋಧ ಬಂದ ಮೇಲೆ ಹಿಂದಕ್ಕೆ ಪಡೆಯಿತು. ಅಚ್ಚಾದದ್ದೆಲ್ಲ ಸತ್ಯವಲ್ಲ ಅಪ್ಪಿ, ಪ್ರಶ್ನೆ ಮಾಡಿ ಓದು.

ನಮ್ಮ ಕಡೆ ಒಂಟಿಮನೆಗಳು, ಆದರೆ ಮಾತು ಗುಡ್ಡ ದಾಟಲು ಒಂದು ಸಂಜೆ ಸಾಕು. ಅಂಥಲ್ಲಿ ಒಬ್ಬರು ನಿನ್ನೆದುರು ಬಾಯಿಬಿಟ್ಟರೆ ಜೀವ ಕೈಗಿಟ್ಟಂತೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸು. 'ಮದುವೆ ಆಗಿದೆಯಾ' ಅಂತಷ್ಟೇ ಕೇಳಿ ಕೇಸ್ ಶೀಟ್ ತುಂಬಬೇಡ. 'ಮನಸ್ಸಿಗೆ ಹತ್ತಿರದವರು ಯಾರಾದರೂ ಇದ್ದಾರಾ' ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರು. ಹೆಣ್ಣುಮಕ್ಕಳು ಅಷ್ಟನ್ನೂ ಹೇಳುವುದಿಲ್ಲ. ತಲೆನೋವು ಅಂತ ಬರುತ್ತಾರೆ, ಮನೆಯಲ್ಲಿ ಗಂಡು ಗೊತ್ತಾಗಿರುತ್ತದೆ.

ಆ ಹುಡುಗ ಮತ್ತೆ ತೋರಿಸಲು ಬಂದರೆ ಹೆಸರು ಹಿಡಿದು ಮಾತಾಡಿಸು.

ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ. ಹಾಸ್ಟೆಲಿನವರ ಜೊತೆ ಹಂಚಿಕೋ. ಈ ಪತ್ರವನ್ನೂ ಅವರಿಗೆ ಓದಿ ಹೇಳು.

ಇಂತಿ,
ನಿನ್ನ ದೊಡ್ಡಪ್ಪ