ಮಗಳಿಗೊಂದು ಪತ್ರ: ಕರಿಯನ ಗಾಯ ಮಾಯುವವರೆಗೆ

ಚಿ. ಸೌ. ಸುಮಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮುಂದಿನ ತಿಂಗಳು ನಿಮ್ಮ ನಾಯಿ ಗುಂಡನಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ನಿಶ್ಚಯಿಸಿದ್ದೀರೆಂದು ಅಮ್ಮ ಹೇಳಿದಳು. ನಮ್ಮ ನಾಯಿ ಕರಿಯನಿಗೆ ಮಾಡಿಸಿದಾಗ ಏನಾಯಿತೆಂಬುದನ್ನು ನಾನು ನಿನಗೆ ಪೂರ್ತಿಯಾಗಿ ಹೇಳಿರಲಿಲ್ಲ. ನೀನು ಫೋನಿನಲ್ಲಿ ಕೇಳಿದಾಗಲೆಲ್ಲ "ಚೆನ್ನಾಗಿದ್ದಾನೆ" ಎಂದುಬಿಟ್ಟೆ. ಆಗ ನೀವು ಮನೆ ಬದಲಿಸುವ ಗಡಿಬಿಡಿಯಲ್ಲಿದ್ದಿರಿ, ದೂರದಲ್ಲಿ ಕುಳಿತು ಕೊರಗುವುದು ಬೇಡವೆಂದು ಮುಚ್ಚಿಟ್ಟೆ. ಈಗ ಮುಚ್ಚಿಡುವುದು ತಪ್ಪಾಗುತ್ತದೆ.

ಕಾರ್ತಿಕ ಬಂತೆಂದರೆ ಅವನು ನಾಲ್ಕೈದು ದಿನ ಮನೆ ಬಿಟ್ಟು ಹೋಗಿ ಮೈತುಂಬ ಕಚ್ಚಿಸಿಕೊಂಡು ಬರುತ್ತಿದ್ದುದು ನಿನಗೆ ಗೊತ್ತೇ ಇದೆ. ಅದಕ್ಕಾಗಿಯೇ ಮಾಡಿಸಿದ್ದು, ಮಾಡಿಸಿದ್ದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ. ಶಸ್ತ್ರಚಿಕಿತ್ಸೆಯೂ ಸುಸೂತ್ರವಾಗಿಯೇ ನಡೆಯಿತು. ವೃಷಣದ ಚೀಲದ ತುಸು ಮುಂದೆ ಒಂದೇ ಕಡೆ ಕೊಯ್ದು, ಎರಡೂ ಬೀಜಗಳನ್ನು ಹೊರತೆಗೆದು, ರಕ್ತನಾಳಗಳನ್ನು ಕಟ್ಟಿ, ಚರ್ಮಕ್ಕೆ ಹೊಲಿಗೆ ಹಾಕಿದ್ದರು. ಚೀಲ ಮಾತ್ರ ಖಾಲಿಯಾಗಿ ಹಾಗೆಯೇ ಉಳಿಯುತ್ತದೆ, ಮೊದಲ ಎರಡು ಮೂರು ದಿನ ಸ್ವಲ್ಪ ಊದಿ ಕಂದಿದಂತೆ ಕಂಡರೂ ತಾನಾಗಿ ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಹತ್ತು ಹದಿನಾಲ್ಕು ದಿನ ಓಡಲು, ಹಾರಲು ಬಿಡಬೇಡಿ, ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕಾಲರ್ ತೆಗೆಯಬೇಡಿ, ಸ್ನಾನ ಮಾಡಿಸಬೇಡಿ ಎಂದೂ ಹೇಳಿದ್ದರು.

ಎರಡನೆಯ ದಿನ ಸಂಜೆ ತೋಟಕ್ಕೆ ಮಂಗಗಳು ಬಂದವು. ಸರಪಳಿಯ ಕೊಂಡಿಯನ್ನು ನಾನು ಸರಿಯಾಗಿ ಸಿಕ್ಕಿಸಿರಲಿಲ್ಲ. ಅವನು ಜಗಲಿಯಿಂದ ಅಂಗಳಕ್ಕೆ ಹಾರಿ ಅಡಿಕೆ ಮರಗಳ ನಡುವೆ ಓಡಿದ್ದನ್ನು ಕಣ್ಣಾರೆ ಕಂಡರೂ ಹಿಡಿಯಲಾಗಲಿಲ್ಲ. ಅದೂ ಸಾಲದೆಂಬಂತೆ, ರಾತ್ರಿ ಕಾಲರ್ ಬಾಗಿಲಿಗೆ ಬಡಿದು ಬಡಿದು ಅವನು ಒದ್ದಾಡುವುದನ್ನು ನೋಡಲಾರದೆ, ಬೆಳಗಿನವರೆಗೆ ತಾನೇ ಎಂದು ಬಿಚ್ಚಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಖಾಲಿಯಾಗಿರಬೇಕಾದ ಚೀಲ ಗುಂಡು ಬದನೆಯ ಗಾತ್ರಕ್ಕೆ ಉಬ್ಬಿ, ಅದರ ಬಣ್ಣಕ್ಕೇ ತಿರುಗಿತ್ತು, ಮುಟ್ಟಿದರೆ ಬಿಸಿ. ಹೊಲಿಗೆಯ ಒಂದು ತುದಿ ನೆಕ್ಕಿ ನೆಕ್ಕಿ ತೇವವಾಗಿತ್ತು, ಗೋಣಿಯ ಮೇಲೆ ನಾಲ್ಕಾರು ಹನಿ ರಕ್ತ ಬಿದ್ದಿತ್ತು. ಅವನು ಕೂರಲೂ ಆಗದೆ ಹಿಂಗಾಲುಗಳನ್ನು ಅಗಲಿಸಿಕೊಂಡು ನಿಂತೇ ನನ್ನ ಮುಖ ನೋಡುತ್ತಿದ್ದ.

ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ಡಾಕ್ಟರು ಮೊದಲು ತುಟಿ ಎತ್ತಿ ವಸಡು ನೋಡಿದರು. ವಸಡು ಬಿಳಿಚಿಕೊಂಡಿದ್ದರೆ ಒಳಗೆ ಹೆಚ್ಚು ರಕ್ತ ಸೋರುತ್ತಿರಬಹುದು, ಆಗ ಒಂದು ಗಳಿಗೆಯನ್ನೂ ಕಳೆಯಬಾರದಂತೆ. ಕರಿಯನದು ಗುಲಾಬಿಯಾಗಿಯೇ ಇತ್ತು. ಓಡಾಟದ ರಭಸಕ್ಕೆ ಸಣ್ಣ ರಕ್ತನಾಳವೊಂದು ಮತ್ತೆ ಬಾಯಿ ತೆರೆದು ಚೀಲದೊಳಗೆ ರಕ್ತ ತುಂಬಿಕೊಂಡಿತ್ತು. ಅದು ಬೆಳೆಯುತ್ತಲೇ ಹೋದರೆ ಗಾಯವನ್ನು ಮತ್ತೆ ಬಿಚ್ಚಿ ನಾಳವನ್ನು ಕಟ್ಟಬೇಕಾಗುತ್ತದೆ, ಕೆಲವೊಮ್ಮೆ ಚೀಲವನ್ನೇ ತೆಗೆಯಬೇಕಾಗುತ್ತದೆ ಎಂದರು. ದೇವರ ದಯೆಯಿಂದ ಬೆಳೆಯಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಇಡುವುದು, ತೂಕಕ್ಕೆ ತಕ್ಕಂತೆ ಅವರೇ ಕೊಟ್ಟ ನೋವಿನ ಮಾತ್ರೆ, ಕಾಲರ್, ಅಲುಗಾಡದ ವಿಶ್ರಾಂತಿ, ಇಷ್ಟರಲ್ಲೇ ಊತ ಇಳಿಯತೊಡಗಿತು. ಪೂರ್ತಿ ಇಳಿಯಲು ಸುಮಾರು ಮೂರು ವಾರ ಹಿಡಿಯಿತು. ಅಷ್ಟೂ ರಾತ್ರಿ ಅಮ್ಮ ಮತ್ತು ನಾನು ಸರದಿಯಲ್ಲಿ ಜಗಲಿಯಲ್ಲೇ ಮಲಗಿದೆವು.

ಆದ್ದರಿಂದ ಗುಂಡನ ವಿಷಯದಲ್ಲಿ ನಾನು ಬೇಡುವುದಿಷ್ಟು. ದಿನಕ್ಕೆರಡು ಸಲ ಬೆಳಕಿನಲ್ಲಿ ಗಾಯವನ್ನು ನೋಡು. ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ನಿನ್ನೆಗಿಂತ ಊತ ಹೆಚ್ಚಿತೋ ಇಳಿಯಿತೋ ಎಂಬುದು ತಿಳಿಯುತ್ತದೆ. ನಿಲ್ಲದ ರಕ್ತ, ಕೀವು, ಕೆಟ್ಟ ವಾಸನೆ, ಬಿಟ್ಟುಕೊಂಡ ಹೊಲಿಗೆ, ಮರುದಿನವೂ ಊಟ ಮುಟ್ಟದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡ. ನಾಯಿಯ ಮೈ ನಮಗಿಂತ ಬೆಚ್ಚಗೇ ಇರುತ್ತದೆ, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ಜ್ವರವೆಂದು ತಿಳಿ. ನಮ್ಮ ಮನೆಗಳಲ್ಲಿರುವ ನೋವಿನ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ಕೊಡಬೇಡ. ಐಬುಪ್ರೊಫೇನ್‌ನಂಥವು ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆ. ಮುಂಚಿತವಾಗಿ ಒಂದು ಮಾತು ಕೇಳಿಕೊ, ಎರಡೂ ಬೀಜಗಳು ಚೀಲಕ್ಕೆ ಇಳಿದಿವೆಯೇ ಎಂದು. ಒಂದು ಹೊಟ್ಟೆಯಲ್ಲೇ ಉಳಿದಿದ್ದರೆ ಹೊಟ್ಟೆಯನ್ನೇ ಕೊಯ್ಯಬೇಕಾಗುವುದರಿಂದ ಚೇತರಿಕೆಗೂ ಹೆಚ್ಚು ದಿನ ಬೇಕು. ಹಾಗೆಯೇ, ಆಪರೇಷನ್ ಆದ ಮೇಲೂ ಕೆಲವು ವಾರ ಅವನಲ್ಲಿ ಸಂತಾನಶಕ್ತಿ ಉಳಿದಿರಬಹುದು, ಒಂದು ತಿಂಗಳಾದರೂ ಬೆದೆಗೆ ಬಂದ ಹೆಣ್ಣುನಾಯಿಯ ಬಳಿ ಬಿಡಬೇಡ.

ಕರಿಯ ಈಗ ಮೈಕೈ ತುಂಬಿಕೊಂಡಿದ್ದಾನೆ, ಊಟ ತುಸು ಕಡಿಮೆ ಮಾಡಿದ್ದೇವೆ. ಈ ಕಾರ್ತಿಕದಲ್ಲಿ ಒಂದು ರಾತ್ರಿಯೂ ಮನೆ ಬಿಟ್ಟು ಹೋಗಲಿಲ್ಲ. ಅವನ ಕಾಲರನ್ನು ತೊಳೆದು ಅಟ್ಟದ ಮೇಲಿಟ್ಟಿದ್ದೇನೆ. ಗುಂಡನ ಕೊರಳಿನ ಸುತ್ತಳತೆಯನ್ನು ನೂಲಿನಲ್ಲಿ ತೆಗೆದು ತಿಳಿಸಿದರೆ, ಹೊಂದುವುದಾದಲ್ಲಿ ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಹೇಳು, ಮೊದಲ ಮೂರು ರಾತ್ರಿ ಕಾಯಲು ನಾನೇ ಬರುತ್ತೇನೆ.

ಇತಿ,
ನಿನ್ನ ಅಪ್ಪ